ಎರಡು ಬೀದಿ ದಾಟೋಣ ಬನ್ನಿ

ನಿಜಲಿಂಗಪ್ಪ ಬಡಾವಣೆಯ ಹಿರಿಯರೇ, ಅಕ್ಕಂದಿರೇ, ತಮ್ಮಂದಿರೇ,

ಮೊಬೈಲಿಗೆ ಒಂದು ವಿಡಿಯೊ ಬರುತ್ತದೆ. ಯಾವ ಊರಿನದೋ, ಯಾವ ವರ್ಷದ್ದೋ. ಸಂಜೆಯೊಳಗೆ ಎಲ್ಲರ ಕೈಗೂ ತಲುಪಿರುತ್ತದೆ. ಅದರಲ್ಲಿ ಬೈಸಿಕೊಂಡ ಜನ ಇರುವುದು ಎರಡೇ ಬೀದಿ ಆಚೆ. ಅವರ ಕದ ತಟ್ಟಿ "ಇದು ಖರೇನಾ?" ಎಂದು ಕೇಳಿದವರು ಒಬ್ಬರೂ ಇಲ್ಲ. ನಾನೂ ಕೇಳಲಿಲ್ಲ. ಹೋದ ರಂಜಾನಿಗೆ ಅದೇ ಬೀದಿಯಿಂದ ಸುರಕುಂಬ ತುಂಬಿಕೊಂಡು ಬಂದ ಸ್ಟೀಲ್ ಡಬ್ಬಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಇನ್ನೂ ಕೂತಿದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಎನ್ನುತ್ತಿದ್ದಳು ಅವ್ವ. ಪಂಚಮಿಗೆ ಉಂಡಿ ಹಾಕಿ ಕೊಡಬೇಕಿತ್ತು. ಕೊಡಲಿಲ್ಲ.

ಮೊದಲ ಹೆಜ್ಜೆಯನ್ನು ಯಾರಾದರೂ ಇಡಲೇಬೇಕು. ಇಸ್ಲಾಂಗಿಂತ ಮುಂಚಿನ ಅರೇಬಿಯಾದಲ್ಲಿ ಅಬ್ಸ್, ಧುಬ್ಯಾನ್ ಎಂಬ ದಾಯಾದಿ ಬುಡಕಟ್ಟುಗಳು ಒಂದು ಕುದುರೆ ಪಂದ್ಯದ ಜಗಳಕ್ಕೆ ಹೊಡೆದಾಡಿಕೊಂಡವು. ಅದು ನಲವತ್ತು ವರ್ಷ ನಡೆಯಿತೆಂದು ಅಲ್ಲಿನ ಕಥನಗಳು ಹೇಳುತ್ತವೆ. ಎರಡೂ ಕಡೆಯವರು ತಲೆಬಾಗುವಂಥ ಅರಸನಿಲ್ಲ, ಕೋರ್ಟಿಲ್ಲ. ಕೊನೆಗೆ ಹರಿಮ್, ಹಾರಿಸ್ ಎಂಬ ಇಬ್ಬರು ಹಿರಿಯರು ನಡುವೆ ನಿಂತರು. ಸತ್ತವರ ಲೆಕ್ಕ ಹಾಕಿಸಿದರು. ರಕ್ತಪರಿಹಾರದ ಒಂಟೆಗಳನ್ನು ಕೊಡುವ ಹೊಣೆಯನ್ನು ತಾವೇ ಹೊತ್ತರು. ಬೇರೆಯವರು ಮಾಡಿದ ಸಾಲ ಅದು! ಝುಹೈರ್ ಎಂಬ ದೊಡ್ಡ ಕವಿ ತನ್ನ ಹೆಸರಾಂತ ಕಾವ್ಯದಲ್ಲಿ ಹಾಡಿ ಹೊಗಳಿದ್ದು ಈ ಇಬ್ಬರನ್ನೇ.

ಗಾಳಿಸುದ್ದಿಗೆ ಸೋಲದ ಒಂದು ನೆನಪು ನಮ್ಮ ತುಂಗಭದ್ರೆಯ ದಂಡೆಗೂ ಇದೆ. 1443ರಲ್ಲಿ ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯ ವೀಳ್ಯ ಕೊಟ್ಟು ಬರಮಾಡಿಕೊಂಡ. ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಹೊರ್ಮುಜಿನ ಮಂದಿ ಗಾಳಿಸುದ್ದಿ ಹಬ್ಬಿಸಿದರು. ಅದು ಅರಸನ ಕಿವಿಗೂ ಬಿತ್ತು. ಆದರೂ ಬೀಳ್ಕೊಡುವಾಗ ಅವನ ಜೊತೆಗೆ ತನ್ನ ರಾಯಭಾರಿಗಳನ್ನೂ ಕಳಿಸಿದ.

ಪಕ್ಕದ ಹರಿಹರದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯೊಳಗೆ ಶಿವನೂ ವಿಷ್ಣುವೂ ಒಂದೇ ಮೈಯಲ್ಲಿ ನಿಂತಿದ್ದಾರೆ. ಅಲ್ಲಿ ಕೈಮುಗಿದು ಬರುವ ನಮಗೆ ಎರಡು ಬೀದಿ ದಾಟಲು ಯಾಕೆ ಕಾಲು ಬರುವುದಿಲ್ಲ? ಗಣಪತಿ ಕೂರಿಸುವ ಮುಂಚೆ ಹೋಗಿ. ಈದ್ ಮೆರವಣಿಗೆಗೆ ಮುಂಚೆ ಬರಲು ಹೇಳಿ. ಪೊಲೀಸರು ಶಾಂತಿಸಭೆ ಕರೆದಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡುವುದಾದರೆ ನಾವೆಂಥ ನೆರೆಹೊರೆ? ನಮ್ಮವರೇ ನಮ್ಮನ್ನು ಬೈದಾರು. ಬೈಯಲಿ. ಅರೇಬಿಯಾದ ಆ ಹಿರಿಯರು ಒಂಟೆ ಕೊಟ್ಟರು, ನಾವು ಬೈಗುಳವನ್ನಾದರೂ ತಿನ್ನೋಣ.

ಇವತ್ತು ಸಂಜೆ ಡಬ್ಬಿಗೆ ಉಂಡಿ ಹಾಕಿಕೊಂಡು ಹೊರಟಿದ್ದೇನೆ. ಜೊತೆಗೆ ಯಾರಾದರೂ ಬರ್ರಿ.