ತಿಂಗಳುಗಟ್ಟಲೆ ನಿಲ್ಲುವ ಆರ್‌ವಿ: ಬೀಗ, ಕ್ಯಾಮೆರಾ ಇದ್ದರೆ ಸಾಕೇ?

“ನಿಂತ ಗಾಡಿಯನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ, ಮೇಲೆ ಟಾರ್ಪಾಲು ಹೊದಿಸಿ, ಏನೂ ಆಗದು.” ಇಂಥ ಸಲಹೆ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅಮೆರಿಕದಲ್ಲಿ ಆರ್‌ವಿ ಕೊಂಡ ನಮ್ಮವರು ಇದನ್ನೇ ನಂಬಿದರೆ ಕೈಸುಟ್ಟುಕೊಳ್ಳುತ್ತಾರೆ.

ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ಹಾಸಿಗೆ, ಒಲೆ, ಶೌಚಾಲಯ, ನೀರಿನ ಟ್ಯಾಂಕು ಎಲ್ಲವೂ ಅದರೊಳಗೇ. ದೊಡ್ಡವು 40 ಅಡಿ ಉದ್ದ, 13 ಅಡಿ ಎತ್ತರ ಇರುತ್ತವೆ. ಅಲ್ಲಿನ ಅನೇಕ ಬಡಾವಣೆಗಳಲ್ಲಿ ನಿವಾಸಿಗಳ ಸಂಘದ ನಿಯಮದಂತೆ ಇದನ್ನು ಸ್ವಂತ ಮನೆಯ ಮುಂದೆಯೂ ನಿಲ್ಲಿಸುವಂತಿಲ್ಲ. ಹಾಗಾಗಿ ತಿಂಗಳ ಬಾಡಿಗೆಗೆ ಜಾಗ ಹಿಡಿಯಬೇಕು.

ಜಾಗ ಹುಡುಕುವಾಗ ಮೊದಲು ನೆನಪಾಗುವುದು ಬೇಲಿ, ಗೇಟು, ಕ್ಯಾಮೆರಾ. ಅವು ಬೇಕೇ ಬೇಕು. ಆದರೆ ಬಿಸಿಲು, ನೀರು, ಚಳಿ, ಇಲಿಗಳನ್ನು ಯಾವ ಕ್ಯಾಮೆರಾವೂ ತಡೆಯದು.

ಅನೇಕ ಆರ್‌ವಿಗಳ ಛಾವಣಿಗೆ ಹೊದಿಸಿರುವುದು ತೆಳುವಾದ ರಬ್ಬರ್ ಹಾಳೆ. ಜೋಡಣೆಗಳಿಗೆ ಹಚ್ಚಿದ ಸೀಲಂಟ್ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಮಳೆನೀರು ಅಲ್ಲಿಂದ ಜಿನುಗಿ ಒಳಗಿನ ಮರ ಕೊಳೆಯುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ಗೋಡೆ ಮೆತ್ತಗಾಗಿರುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಇದಕ್ಕೆ ಪರಿಹಾರವಲ್ಲ: ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಗಾಳಿಗೆ ಬಡಿದು ಬಣ್ಣ ಉಜ್ಜಿಹೋಗುತ್ತದೆ. ಹೆಚ್ಚು ಬಾಡಿಗೆ ಕೊಟ್ಟಾದರೂ ಮೇಲೆ ಚಾವಣಿ ಇರುವ ಜಾಗವನ್ನೇ ಅನುಭವಿಗಳು ಬಯಸುವುದು ಇದಕ್ಕೇ. ಟೈರಿಗೂ ನೆರಳು ಬೇಕು. ಆರ್‌ವಿ ಓಡುವುದು ಕಡಿಮೆ, ಆದ್ದರಿಂದ ಟೈರು ಸವೆಯುವ ಮೊದಲೇ ಹಳತಾಗುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು.

ಮಿನ್ನೆಸೋಟದಂಥ ಕಡೆ ಚಳಿಯದೇ ದೊಡ್ಡ ಚಿಂತೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗಿ ಪೈಪು ಒಡೆಯುತ್ತದೆ. ನೀರು ಖಾಲಿ ಮಾಡಿ, ಆರ್‌ವಿಗೆಂದೇ ಸಿಗುವ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಕುಡಿಯುವ ನೀರಿನ ಪೈಪಿಗೆ ಅದನ್ನು ಹಾಕಲೇಬಾರದು. ಇನ್ನು ಬ್ಯಾಟರಿ. ಎಲ್ಲ ಆಫ್ ಮಾಡಿದರೂ ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಸಾಧನದಂಥವು ಕರೆಂಟ್ ಎಳೆಯುತ್ತಲೇ ಇರುತ್ತವೆ. ಚಾರ್ಜ್ ಇಳಿದ ಲೆಡ್-ಆಸಿಡ್ ಬ್ಯಾಟರಿ ಬೇಗ ಹೆಪ್ಪುಗಟ್ಟುತ್ತದೆ, ತುಂಬಿದ್ದು ಕಡುಚಳಿಯನ್ನೂ ತಡೆಯುತ್ತದೆ. “ಪ್ಲಗ್ ಪಾಯಿಂಟ್ ಇದೆಯೇ?” ಎಂಬುದು ಅದಕ್ಕೇ ಕೇಳಲೇಬೇಕಾದ ಪ್ರಶ್ನೆ. ಇಲ್ಲವೆಂದರೆ ಬ್ಯಾಟರಿ ಬಿಚ್ಚಿ ಮನೆಗೆ ಒಯ್ಯಿರಿ.

ಐದು ನಿಮಿಷದ ಸ್ಟಾರ್ಟ್? ಅಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದು. ಎಣ್ಣೆಯಲ್ಲೂ ಸೈಲೆನ್ಸರಿನಲ್ಲೂ ಕಟ್ಟಿದ ತೇವ ಆರದು, ಬ್ಯಾಟರಿಗೆ ಹೋದ ಚಾರ್ಜೂ ಸರಿಯಾಗಿ ತುಂಬದು. ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಇಲ್ಲವೇ ಸುಮ್ಮನೆ ಬಿಡಿ. (ಬೆಂಗಳೂರಿನಲ್ಲಿ ನಿಲ್ಲಿಸಿಟ್ಟ ಕಾರಿಗೂ ಇದೇ ಲೆಕ್ಕ.)

ಇಲಿಗಳಿಗೆ ನುಸಿಗುಳಿಗೆ ಇಡುವ ಉಪಾಯವನ್ನು ನೆಚ್ಚಬೇಡಿ. ಪೆನ್ಸಿಲ್ ದಪ್ಪದ ಸಂದಿ ಸಿಕ್ಕರೂ ಸುಂಡಿಲಿ ನುಗ್ಗಿ ವೈರು ಕಡಿಯುತ್ತದೆ. ಸಂದಿಗಳನ್ನು ಸ್ಟೀಲ್ ಉಲ್ಲನ್ ತುರುಕಿ ಮುಚ್ಚಿ. ಸುತ್ತ ಹುಲ್ಲು ಬೆಳೆದ ಜಾಗವಾದರೆ ಬೇರೆ ಜಾಗ ನೋಡುವುದೇ ಲೇಸು.

ಉದ್ದದ ಗಾಡಿ ತಿರುಗಿಸಲು ಅಗಲವಾದ ದಾರಿ, ಶೌಚದ ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆ, ರಜೆಯ ಹಿಂದಿನ ರಾತ್ರಿ ಒಳಹೋಗಲು ಅನುಮತಿ ಇವನ್ನೂ ಕೇಳಿ. ಹಾನಿಯಾದರೆ ಯಾರು ಹೊಣೆ ಎಂಬ ಸಾಲನ್ನು ಒಪ್ಪಂದದಲ್ಲಿ ಹುಡುಕಿ ಓದಿ. ಸಾಧ್ಯವಾದರೆ ಸಹಿ ಹಾಕುವ ಮುನ್ನ, ಮಳೆ ಬಂದ ಮರುದಿನ ಹೋಗಿ ನೀರು ಎಲ್ಲಿ ನಿಂತಿದೆ ಎಂದು ನೋಡಿ ಬನ್ನಿ.