ಬಸುರಿ ಸೂಜಿಗೆ ಹೆದರಿದರೆ ನಗಾಡುವವರಿಗೆ

"ನಿಮ್ಮವರಿಗೆ ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೆ, ಬಸುರಿಯರು ಸೂಜಿ ಅಂದ್ರೆ ಓಡ್ತಾರೆ" ಅಂತ ಬಿ.ಸಿ.ರೋಡಿನಲ್ಲಿ ಒಬ್ಬರು ನಗಾಡಿದರು. ನಿಮ್ಮವರು ಅಂದ್ರೆ ಯಾರು, ಗೊತ್ತಲ್ಲ.

2021ರ ಜನವರಿ 16ಕ್ಕೆ ಕೊರೊನಾ ಲಸಿಕೆ ಶುರುವಾದಾಗ ಗರ್ಭಿಣಿಯರಿಗೆ ಬೇಡ ಅಂದದ್ದು ಸರಕಾರವೇ. ಕೊಡಬಹುದು ಅಂದದ್ದು ಜುಲೈ 2ಕ್ಕೆ. ಯಾಕೆ ಬದಲಾಯಿತು ಅಂತ ನಮ್ಮ ಕಾಲೊನಿಗೆ ಬಂದು ಕೂತು ಹೇಳಿದ್ದು ಆಶಾ ಅಕ್ಕ ಒಬ್ಬರೇ. ಹೆದರಿದ್ದರಲ್ಲಿ ಏನು ತಪ್ಪು?

ಹಾಗಂತ ಸೂಜಿ ಬಿಡಬೇಡಿ ತಂಗಿಯರೇ. ಮನೆ ಹೆರಿಗೆಯಲ್ಲಿ ಹೊಕ್ಕುಳಬಳ್ಳಿ ಕೊಯ್ದ ಗಾಯದಿಂದ ಧನುರ್ವಾಯು ತಗಲಿ ಹಸುಗೂಸುಗಳು ಸಾಯುತ್ತಿದ್ದವು. ಈ ಸೂಜಿ, ಆಸ್ಪತ್ರೆ ಹೆರಿಗೆ ಎರಡೂ ಸೇರಿ ಅದನ್ನು ತಡೆದದ್ದು. ಚೊಚ್ಚಲ ಬಸಿರಿಗೆ ಎರಡು ಸೂಜಿ, ನಡುವೆ ನಾಲ್ಕು ವಾರ. ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಆದರೆ ಬೀಡಿ ಕಟ್ಟುವವಳು ಅರ್ಧ ದಿನ ಕ್ಯೂ ನಿಂತರೆ ಆ ಮಜೂರಿ ಹೋಯಿತು. ಅದರ ಮೇಲೆ ಗದರಿಕೆ ಬೇರೆ.

ನನ್ನ ಹೆಂಡತಿಗೂ ಗದರಿದ್ದರು. ಆಗ ಟಿಟಿ ಅನ್ನುತ್ತಿದ್ದರು, ಈಗ ಟಿಡಿ. ಎರಡನೇದಕ್ಕೆ ಹೋಗುವುದೇ ಇಲ್ಲ ಅಂತ ಕೂತಳು. ಆಫೀಸಿಗೆ ರಜೆ ಹಾಕಿ ನಾನೇ ಜೊತೆಗೆ ಹೋದೆ. ಅವತ್ತು ಯಾರೂ ಗದರಲಿಲ್ಲ, ಪ್ಯಾಂಟು ಹಾಕಿದವ ಪಕ್ಕದಲ್ಲಿ ಇದ್ದನಲ್ಲ.