ಬಿಳಿ ಪಟ್ಟಿಯಲ್ಲಿ ಕುರಿ ಹಿಂಡಿಗೆ ಜಾಗ ಎಲ್ಲಿ?

ಸಮುದ್ರದ ಎಣ್ಣೆಬಾವಿಗೂ ನಮ್ಮ ಗೌಡಗೆರೆ, ಪಾವಗಡ ಸೀಮೆಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇರುವುದು ಸರ್ಕಾರದ ಪಟ್ಟಿಯಲ್ಲಿ.

ಮುಂಬೈನಿಂದ ಸುಮಾರು 160 ಕಿ.ಮೀ. ದೂರದ ಕಡಲಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು. ಅದೇ ಬಾಂಬೆ ಹೈ. ಕಡಲಿನ ಎಣ್ಣೆ ಕಟ್ಟೆಗಳು ಒಂದೇ ಬಗೆಯವಲ್ಲ. ಆಳ ಕಡಿಮೆ ಇರುವಲ್ಲಿ ಉಕ್ಕಿನ ಕಾಲು ಊರಿ ನಿಲ್ಲಿಸುತ್ತಾರೆ, ಆಳ ಹೆಚ್ಚಿರುವಲ್ಲಿ ಲಂಗರು ಹಾಕಿ ತೇಲಿಬಿಡುತ್ತಾರೆ. ಪರಿಣಾಮವೂ ಬೇರೆ ಬೇರೆ. ಊರಿದ ಕಾಲಿಗೆ ಚಿಪ್ಪುಜೀವಿಗಳು ಅಂಟಿಕೊಂಡು ಮೀನು ಸೇರುವುದುಂಟು. ಬಾವಿ ಕೊರೆದ ಕೆಸರು, ಎಣ್ಣೆ ಜೊತೆ ಬರುವ ನೀರು ಕಡಲನ್ನು ಕೆಡಿಸುವುದೂ ಉಂಟು. ಅದಕ್ಕೇ 2006ರ ಪರಿಸರ ಅಧಿಸೂಚನೆ ಎಣ್ಣೆ ಉತ್ಪಾದನೆಯನ್ನು 'ಎ' ವರ್ಗಕ್ಕೆ ಸೇರಿಸಿದೆ. ಪರಿಸರ ಅನುಮತಿ ಇಲ್ಲದೆ ಶುರು ಮಾಡುವಂತಿಲ್ಲ.

ಈಗ ನಮ್ಮ ತಿರುಮಣಿ ಕಡೆ ನೋಡಿ. ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿದಾಗ ಸೋಲಾರ್ ಬಿಳಿಗೆ ಬಂತು. 2006ರ ಅಧಿಸೂಚನೆಯ ಅನುಮತಿಯೂ ಇದಕ್ಕೆ ಬೇಡ.

ಹೊಗೆಯ ಲೆಕ್ಕದಲ್ಲಿ ಬಿಳಿ ಸರಿಯೇ. ನಾವು ಸೋಲಾರ್ ವಿರೋಧಿಗಳಲ್ಲ. ಮಳೆ ನಂಬಿ ಕಡ್ಲೆಕಾಯಿ ಹಾಕಿ ಸಾಲಕ್ಕೆ ಬಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ದೊಡ್ಡ ಆಸರೆ. ಜಮೀನೂ ಅವರ ಹೆಸರಲ್ಲೇ ಉಳಿದಿದೆ.

ಆದರೆ ಗುತ್ತಿಗೆ ಹಣ ಬರುವುದು ಪಹಣಿ ಇದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಕೊಯ್ಲಾದ ಮೇಲೆ ಆ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರ ಹೆಸರೂ ಇಲ್ಲ. ಬಣ್ಣದ ಪಟ್ಟಿ ಹೊಗೆ, ಕೊಳಕು ನೀರು, ಕಸ ಅಳೆಯುತ್ತದೆ. ಬೇಲಿಯನ್ನು ಅಳೆಯುವುದಿಲ್ಲ.

ಬೋಳು ಬಯಲು ಅಂದರೆ ಪಾಳು ನೆಲ ಅಲ್ಲ. ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಬದುಕಿರುವುದು ಇಂಥದೇ ಹುಲ್ಲುಬಯಲಲ್ಲಿ. 2007ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಮಾಡಿದ್ದೂ ಇದೇ ಸರ್ಕಾರ.

ನಮ್ಮ ವಾದ ಇಷ್ಟೇ. ಕಡಲಲ್ಲಿ ಊರಿದ ಕಟ್ಟೆ, ತೇಲುವ ಕಟ್ಟೆ ಬೇರೆ ಆಗುವಂತೆ, ಶಾಲೆ ಮಾಳಿಗೆಯ ನಾಲ್ಕು ಪ್ಯಾನಲ್ಲೂ ಐದು ಊರು ತುಂಬುವ ಪಾರ್ಕೂ ಒಂದೇ ಅಲ್ಲ. ಮಾಳಿಗೆಯದಕ್ಕೆ ಬಿಳಿ ಇರಲಿ. ಸಾವಿರಾರು ಎಕರೆಯದನ್ನು ಬೇರೆ ವರ್ಗಕ್ಕೆ ಸೇರಿಸಿ, ನೆಲ, ನೀರು, ಮೇವು, ಕೂಲಿ ನಾಲ್ಕನ್ನೂ ಮೊದಲೇ ಅಧ್ಯಯನ ಮಾಡುವುದು ಕಡ್ಡಾಯವಾಗಲಿ. ತಡವಾಗುತ್ತದೆ ಅನ್ನುವವರಿಗೆ ನಮ್ಮ ಉತ್ತರ: ಗುತ್ತಿಗೆ 28 ವರ್ಷದ್ದು, ಕೆಲವು ತಿಂಗಳು ಕಾಯುವುದು ಹೆಚ್ಚಲ್ಲ.

ನಾಳೆ ನಿಮ್ಮೂರಿಗೂ ಗುತ್ತಿಗೆ ಕಾಗದ ಬರಬಹುದು. ಸಹಿ ಹಾಕುವ ಮುಂಚೆ ಗ್ರಾಮಸಭೆಯಲ್ಲಿ ಮೂರು ಮಾತು ಕೇಳಿ. ಕುರಿ ದಾರಿ ಎಲ್ಲಿ ಬಿಡುತ್ತೀರಿ? ಪ್ಯಾನಲ್ ತೊಳೆಯಲು ನೀರು ಎಲ್ಲಿಂದ ತರುತ್ತೀರಿ? ಜಮೀನಿಲ್ಲದವರಿಗೆ ಏನು ಕೊಡುತ್ತೀರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿಗೆ ಬೆಲೆಯಿಲ್ಲ.